ವಾದವೇದಿಕೆಯಲ್ಲಿ ಟಿಪ್ಪಣಿಯ ಚೀಟಿ

ಪಾಠಶಾಲೆಯಲ್ಲಿ ಬಾಯಿಪಾಠ ಒಪ್ಪಿಸುವ ಬಾಲಕನ ಅಂಗೈಯಲ್ಲಿ ಚೀಟಿ ಕಂಡುಬಂದರೆ ಉಪಾಧ್ಯಾಯರ ಬೆತ್ತಕ್ಕೆ ಕೆಲಸವಾಗುತ್ತದೆ. ನ್ಯಾಯಸ್ಥಾನದಲ್ಲಿ ಕಾಗದಪತ್ರಗಳಿಲ್ಲದೆ ಬರಿಗೈಯಲ್ಲಿ ಎದ್ದುನಿಂತ ವಕೀಲನನ್ನಾದರೋ ಅವನ ಕಕ್ಷಿಗಾರನೇ ನಂಬಲಾರನು. ಹಾಗಾದರೆ, ರಾಜ್ಯಾಧಿಕಾರವನ್ನು ಬೇಡಿ ದೂರದರ್ಶನದಲ್ಲಿ ಸಮಸ್ತ ಪ್ರಜೆಗಳ ಮುಂದೆ ವಾದಕ್ಕೆ ನಿಲ್ಲುವ ರಾಜಕಾರಣಿಯು ಈ ಇಬ್ಬರಲ್ಲಿ ಯಾರಿಗೆ ಸಮಾನನು? ಅವನ ಕೈಯಲ್ಲಿ ಟಿಪ್ಪಣಿ ಇರಬಹುದೆ, ಇರಕೂಡದೆ?

ಈ ವಿಧದ ವಾದಗಳಿಗೆ ತವರೆನಿಸಿದ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇರಕೂಡದೆಂಬುದೇ ಈಚಿನ ಕಟ್ಟಳೆಯಾಗಿದೆ. 2024ನೆಯ ಜೂನ್ 27ರಂದು ಅಟ್ಲಾಂಟಾ ನಗರದಲ್ಲಿ ಬೈಡನ್ ಮತ್ತು ಟ್ರಂಪ್ ಮಹಾಶಯರು ಎದುರುಬದುರಾದಾಗ, ಒಂದು ಲೇಖನಿ, ಬರೆಯಲು ಬರಿಯ ಕಾಗದ, ಕುಡಿಯಲು ನೀರು, ಇಷ್ಟನ್ನು ಮಾತ್ರ ಅವರಿಗೆ ಒದಗಿಸಲಾಗಿತ್ತು. ಮೊದಲೇ ಬರೆದುಕೊಂಡುದನ್ನು ತರುವುದಕ್ಕೆ ಅಪ್ಪಣೆಯಿರಲಿಲ್ಲ.

ಈ ಜಗಳ ಹಳೆಯದು. 1960ರ ಅಕ್ಟೋಬರ್ 13ರಂದು ಕೆನೆಡಿ ಮತ್ತು ನಿಕ್ಸನ್ ಅವರಿಗೆ ಮೂರನೆಯ ವಾದವು ನಡೆಯಿತು. ಒಬ್ಬರು ನ್ಯೂಯಾರ್ಕಿನಲ್ಲಿಯೂ ಮತ್ತೊಬ್ಬರು ಲಾಸ್ ಏಂಜಲೀಸ್‌ನಲ್ಲಿಯೂ ಇದ್ದು, ಚೀನದ ಕರಾವಳಿಯ ಸಮೀಪದ ಕ್ವಿಮಾಯ್, ಮಾತ್ಸು ದ್ವೀಪಗಳ ರಕ್ಷಣೆಯ ವಿಷಯವಾಗಿ, ಎಂದರೆ ಯುದ್ಧವೋ ಶಾಂತಿಯೋ ಎಂಬ ವಿಷಯವಾಗಿ, ವಾದಿಸಿದರು. ವಾದವು ಮುಗಿದೊಡನೆಯೇ ನಿಕ್ಸನ್ ಅವರು, ಕೆನೆಡಿಯವರು ಕಾಗದ ನೋಡಿ ಮಾತನಾಡಿದರು, ಇದು ಒಪ್ಪಂದಕ್ಕೆ ವಿರೋಧವೆಂದು ಆಕ್ಷೇಪಿಸಿದರು. ಅಂತಹ ಒಪ್ಪಂದವೇ ಇರಲಿಲ್ಲವೆಂದು ಪ್ರತಿಪಕ್ಷದವರು ಉತ್ತರವಿತ್ತರು. ದ್ವೀಪಗಳ ಮಾತು ಹಿಂದಾಗಿ ಕಾಗದದ ಮಾತು ಮುಂದಾಯಿತು.

ಟಿಪ್ಪಣಿಯನ್ನು ನಿಷೇಧಿಸುವವರ ಪಕ್ಷವು ಹುರುಳಿಲ್ಲದ್ದೇನೂ ಅಲ್ಲ. ಪುಸ್ತಕದೊಳಗಿನ ವಿದ್ಯೆಯು ಸಮಯಕ್ಕೆ ಒದಗದೆಂದು ನಮ್ಮ ಹಿರಿಯರೂ ಹೇಳಿರುವರಷ್ಟೆ. ಕಾಗದಕ್ಕೆ ಅವಕಾಶಕೊಟ್ಟರೆ ಪ್ರಜೆಗಳು ಕೇಳುವುದು ಅಭ್ಯರ್ಥಿಯ ವಾಣಿಯನ್ನಲ್ಲ, ತೆರೆಯ ಹಿಂದಿನ ಸಲಹೆಗಾರರ ವಾಣಿಯನ್ನು. ಆಪತ್ಕಾಲದಲ್ಲಿ ಅವನು ಎಂತು ಯೋಚಿಸುವನೆಂಬುದು ತಿಳಿಯದೆ ಹೋಗುವುದು ಎಂದು ಅವರು ಹೇಳುತ್ತಾರೆ. ಆದರೆ ನಿಷೇಧದಿಂದ ಈ ದೋಷವು ನೀಗುವುದೆ?

2016ರ ಫೆಬ್ರವರಿ 6ರಂದು ನ್ಯೂಹ್ಯಾಂಪ್‌ಷೈರ್ ಪ್ರಾಂತದಲ್ಲಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಗಳ ವಾದವು ನಡೆದಾಗ, ಮಾರ್ಕೊ ರೂಬಿಯೊ ಅವರು ಕೈಯಲ್ಲಿ ಯಾವ ಕಾಗದವೂ ಇಲ್ಲದೆ ಒಂದೇ ಮಾತನ್ನು ಹೆಚ್ಚುಕಡಮೆ ಒಂದೇ ಪದಗಳಲ್ಲಿ ಮರಳಿ ಮರಳಿ ಆಡಿದರು. ಇದು ಸಲಹೆಗಾರರು ಕಲಿಸಿದ ಬಾಯಿಪಾಠವೆಂದು ಪ್ರತಿಸ್ಪರ್ಧಿಯಾದ ಕ್ರಿಸ್ ಕ್ರಿಸ್ಟಿಯವರು ಅಲ್ಲಿಯೇ ಎತ್ತಿ ತೋರಿಸಿದ ಮೇಲೂ ಅದೇ ಮಾತು ಮತ್ತೆ ಬಂದಿತು. ಬೇರೊಬ್ಬರ ಬರಹವು ಕಾಗದದಲ್ಲಿದ್ದರೆ ಅಪರಾಧ, ನಾಲಗೆಯಲ್ಲಿದ್ದರೆ ಪ್ರತಿಭೆ ಎಂಬುದು ಎಂತಹ ನ್ಯಾಯ?

ಇದಕ್ಕಿಂತಲೂ ಬೋಧಪ್ರದವಾದ ಸಂಗತಿ ಇನ್ನೊಂದುಂಟು. 2011ರ ನವೆಂಬರ್ 9ರಂದು ಮಿಷಿಗನ್ ಪ್ರಾಂತದಲ್ಲಿ ನಡೆದ ವಾದದಲ್ಲಿ ಟೆಕ್ಸಾಸಿನ ಗವರ್ನರ್ ರಿಕ್ ಪೆರಿಯವರು, ತಾವು ಅಧ್ಯಕ್ಷರಾದರೆ ಕೇಂದ್ರ ಸರ್ಕಾರದ ಮೂರು ಇಲಾಖೆಗಳನ್ನು ರದ್ದುಪಡಿಸುವುದಾಗಿ ಸಾರಿದರು. ವಾಣಿಜ್ಯ ಮತ್ತು ವಿದ್ಯಾ ಇಲಾಖೆಗಳ ಹೆಸರು ಬಂದವು. ಮೂರನೆಯದು ನೆನಪಿಗೆ ಬಾರದೆ ಹೋಯಿತು. ದೇಶವೇ ನಕ್ಕಿತು. ಆ ಮೂರನೆಯದು ಇಂಧನಶಕ್ತಿಯ ಇಲಾಖೆ. ವಿಧಿವಿಲಾಸದಿಂದ ಅದೇ ಪೆರಿಯವರು 2017ರಲ್ಲಿ ಆ ಇಲಾಖೆಗೇ ಮಂತ್ರಿಗಳಾದರು. ಅದರ ಕೆಲಸವೇನೆಂಬುದನ್ನು ತಿಳಿದುಕೊಂಡ ಮೇಲೆ ಅದನ್ನು ರದ್ದುಪಡಿಸಬೇಕೆಂದುದಕ್ಕೆ ವಿಷಾದಪಡುತ್ತೇನೆಂದು ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡರು.

ವಾಚಕರು ಇದನ್ನು ಚೆನ್ನಾಗಿ ಪರ್ಯಾಲೋಚಿಸಬೇಕು. ಅಣ್ವಸ್ತ್ರಗಳ ನಿರ್ಮಾಣ, ಪಾಲನೆಗಳ ಹೊಣೆ ಹೊತ್ತ ಇಲಾಖೆಯೊಂದನ್ನು ಅದರ ಕಾರ್ಯವನ್ನರಿಯದೆ ಮುಚ್ಚಲು ಹೊರಟುದು ಘೋರವಾದ ದೋಷ. ಅದರ ಹೆಸರನ್ನು ಮರೆತುದು ಅಲ್ಪದೋಷ. ಪ್ರಜೆಗಳ ಕಣ್ಣಿಗೆ ಬಿದ್ದುದು ಅಲ್ಪದೋಷವೇ. ಚೀಟಿಯಲ್ಲಿ ಮೂರು ಹೆಸರುಗಳಿದ್ದಿದ್ದರೆ ನಗೆಗೆ ಎಡೆಯಿರುತ್ತಿರಲಿಲ್ಲ. ಏಕೆ ಮುಚ್ಚುವಿರಿ ಎಂಬ ಪ್ರಶ್ನೆಗೆ ಎಡೆಯಾಗುತ್ತಿತ್ತು.

ಸತ್ಯನಿರ್ಣಯಕ್ಕೂ ಕಾಗದವು ಬೇಕು. 2012ರ ಅಕ್ಟೋಬರ್ 16ರ ವಾದದಲ್ಲಿ, ಬೆಂಘಾಜಿಯ ದಾಳಿಯನ್ನು ಒಬಾಮಾ ಅವರು ಮರುದಿನವೇ ಭಯೋತ್ಪಾದನೆಯೆಂದು ಕರೆದರೋ ಇಲ್ಲವೋ ಎಂಬ ವಿವಾದವೆದ್ದಿತು. ರಾಮ್ನಿಯವರು ಇಲ್ಲವೆಂದರು, ಭಾಷಣದ ಪ್ರತಿಯನ್ನು ತೆಗೆಯಿರೆಂದು ಒಬಾಮಾ ಅವರೆಂದರು. ಪ್ರತಿಯು ಇಬ್ಬರ ಕೈಯಲ್ಲಿಯೂ ಇಲ್ಲ. ನಿರ್ವಾಹಕಿಯಾಗಿದ್ದ ಕ್ಯಾಂಡಿ ಕ್ರೌಲಿಯವರು ನಡುವೆ ಬಾಯಿಹಾಕಬೇಕಾಯಿತು, ಪಕ್ಷಪಾತದ ಅಪವಾದವನ್ನೂ ಹೊರಬೇಕಾಯಿತು.

ಆದಕಾರಣ ಬ್ರಿಟಿಷ್ ಕಾಮನ್ಸ್ ಸಭೆಯ ಹಳೆಯ ಸಂಪ್ರದಾಯವೇ ವಿವೇಕಯುತವೆಂದು ನಮಗೆ ತೋರುತ್ತದೆ. ಬರೆದ ಭಾಷಣವನ್ನು ಓದುವುದು ಅಲ್ಲಿ ಸಲ್ಲದು. ಟಿಪ್ಪಣಿಯನ್ನು ನೋಡಿಕೊಳ್ಳುವುದು ಸಲ್ಲುತ್ತದೆ. ವಾದವೇದಿಕೆಗೂ ಇದನ್ನೇ ಅನ್ವಯಿಸಬಹುದು. ಒಬ್ಬೊಬ್ಬನಿಗೆ ಒಂದೊಂದು ಹಾಳೆ. ಅದರಲ್ಲಿ ಅಂಕಿಅಂಶ, ತಾರೀಖು, ದಾಖಲೆಗಳ ಮಾತು ಮಾತ್ರ. ಅದರ ಪ್ರತಿಯು ವಾದಕ್ಕೆ ಮೊದಲೇ ಎದುರಾಳಿಗೂ ನಿರ್ವಾಹಕರಿಗೂ ಸೇರಬೇಕು, ವಾದವು ಮುಗಿದೊಡನೆ ಪ್ರಜೆಗಳಿಗೂ ಪ್ರಕಟವಾಗಬೇಕು. ಬಹಿರಂಗವಾದ ಕಾಗದದಲ್ಲಿ ಸುಳ್ಳು ಲೆಕ್ಕ ಬರೆಯಲು ಎಂತಹವನೂ ಹಿಂದೆಮುಂದೆ ನೋಡುವನು. ನಾಲಗೆಯ ಸುಳ್ಳಿಗೆ ನೆನಪು ತಪ್ಪಿತೆಂಬ ನೆವವುಂಟು. ಬರಹದ ಸುಳ್ಳಿಗೆ ಆ ನೆವವೂ ಇಲ್ಲ. ತಲೆಯನ್ನೆತ್ತದೆ ಓದುತ್ತ ನಿಂತವನಿಗೆ ನೋಡುವವರೇ ತಕ್ಕ ಬೆಲೆಯನ್ನು ಕಟ್ಟುವರು.

ದೂರದ ದೇಶದ ಈ ಚರ್ಚೆ ನಮಗೇಕೆಂದು ಯಾರೂ ಕೇಳಬೇಕಾದುದಿಲ್ಲ. 2024ರ ಮೇ ತಿಂಗಳಲ್ಲಿ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳೂ ಒಬ್ಬ ಹಿರಿಯ ಪತ್ರಿಕಾಕರ್ತರೂ ಸೇರಿ ಮೋದಿ ಮತ್ತು ರಾಹುಲ್ ಗಾಂಧಿ ಅವರನ್ನು ಬಹಿರಂಗ ವಾದಕ್ಕೆ ಆಹ್ವಾನಿಸಿದರು. ವಾದವು ನಡೆಯಲಿಲ್ಲ, ಆದರೆ ಆಹ್ವಾನವಂತೂ ಹೊರಟಿತು. ಅಂತಹ ದಿನವೊಂದು ಬಂದಾಗ ನಾವು ಯಾವ ಪರೀಕ್ಷೆಯನ್ನಿಡಬೇಕು? ಕಡತವನ್ನು ನೋಡದೆ ನೆನಪಿನ ಬಲದಿಂದ ಅಪ್ಪಣೆಯನ್ನು ಬರೆಯುವ ತಹಶೀಲ್ದಾರನನ್ನು ಯಾವ ರೈತನೂ ಮೇಧಾವಿಯೆಂದು ಹೊಗಳುವುದಿಲ್ಲ. ತನ್ನ ಜಮೀನಿನ ಗತಿಯೇನೆಂದು ಅಂಜುತ್ತಾನೆ. ಅವಧಾನಿಯ ಧಾರಣಶಕ್ತಿಗೆ ಶಾಲು ಹೊದಿಸಿ ಸನ್ಮಾನಿಸೋಣ. ರಾಜ್ಯಭಾರದ ಮುದ್ರೆಯನ್ನು ಮಾತ್ರ ಕಡತ ನೋಡಿ ನಿರ್ಣಯಿಸಬಲ್ಲವನ ಕೈಗೇ ಕೊಡೋಣ.