ಪೆಟ್ಟು ಬೀಳುವುದು ಬ್ಯಾಟರಿ ಖಾಲಿಯಾಗುವಾಗ

2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನ ಒಂದು ಕಟ್ಟಡದ ಕೆಳಗಿದ್ದ ಇ–ಸ್ಕೂಟರ್ ಮಳಿಗೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಹೊಗೆ ಮೇಲಿನ ಹೋಟೆಲ್ಲಿಗೆ ನುಗ್ಗಿ ಎಂಟು ಮಂದಿ ಸತ್ತರು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಗುಂಡುಮಾಲ್, ಮಕ್ತಲ್, ಗದ್ವಾಲ್ ಸೀಮೆಯಲ್ಲಿ ಬ್ಯಾಟರಿ ಗಾಡಿ ಕೊಳ್ಳಲು ಹೊರಟವರು ಮೈಲೇಜಿಗಿಂತ ಮೊದಲು ಬೆಂಕಿಯ ಬಗ್ಗೆ ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆ ವರ್ಷದ ಅವಘಡಗಳ ನಂತರ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಬಿಗಿ ಮಾಡಿತು. ಬಿಸಿ ಹೆಚ್ಚು ತಡೆಯುವ ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳತ್ತ ಹಲವು ಕಂಪನಿಗಳು ಹೊರಳಿದವು. ಆದರೆ ಒಳಗಿನ ದ್ರವ ಮಾತ್ರ ಉರಿಯುವ ದ್ರವವಾಗಿಯೇ ಉಳಿದಿದೆ.

ಆ ದ್ರವದ ಹೆಸರು ಎಲೆಕ್ಟ್ರೋಲೈಟ್. ಲೀಥಿಯಂ ಅಯಾನುಗಳು ಒಂದು ಧ್ರುವದಿಂದ ಇನ್ನೊಂದಕ್ಕೆ ಓಡಾಡುವುದು ಇದರ ಮೂಲಕ. ಇದರ ಬದಲು ಉರಿಯದ ಪಿಂಗಾಣಿಯಂಥ ಬಿಲ್ಲೆಯೊಂದನ್ನು ಇಡಬಹುದಲ್ಲ ಎಂಬ ಆಲೋಚನೆಯಿಂದ ಹುಟ್ಟಿದ್ದೇ ಘನಸ್ಥಿತಿ ಬ್ಯಾಟರಿ. ಸುರಕ್ಷತೆಯ ಜೊತೆಗೆ ಇನ್ನೊಂದು ಆಸೆಯೂ ಇದೆ. ಈಗಿನ ಬ್ಯಾಟರಿಯ ಆನೋಡ್, ಅಂದರೆ ಋಣಧ್ರುವ, ಗ್ರಾಫೈಟಿನದು; ಅದರ ಒಂದು ಗ್ರಾಂ ಹೆಚ್ಚೆಂದರೆ 372 ಮಿಲಿಆಂಪಿಯರ್–ಗಂಟೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ. ಶುದ್ಧ ಲೀಥಿಯಂ ಲೋಹವನ್ನೇ ಬಳಸಿದರೆ ಅದು 3,860. ದ್ರವದೊಳಗೆ ಲೀಥಿಯಂ ಲೋಹವಿಟ್ಟರೆ ಡೆಂಡ್ರೈಟ್ ಎಂಬ ಲೋಹದ ಎಳೆಗಳು ಮುಳ್ಳಿನಂತೆ ಬೆಳೆದು ಎದುರು ಧ್ರುವವನ್ನು ಮುಟ್ಟುತ್ತವೆ, ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಗಟ್ಟಿ ಬಿಲ್ಲೆ ಅಡ್ಡವಿದ್ದರೆ ಈ ಎಳೆಗಳು ನಿಂತಾವು ಎಂದು ಎಲ್ಲರೂ ನಂಬಿದ್ದರು.

ತಕ್ಕ ಬಿಲ್ಲೆಯೂ ಸಿಕ್ಕಿತು. 2007ರಲ್ಲಿ ರಾಮಸ್ವಾಮಿ ಮುರುಗನ್, ವೆಂಕಟರಾಮನ್ ತಂಗದೊರೈ ಮತ್ತು ಜರ್ಮನಿಯ ವರ್ನರ್ ವೆಪ್ನರ್ ಅವರು ಲೀಥಿಯಂ, ಲ್ಯಾಂಥನಂ, ಜಿರ್ಕೋನಿಯಂ, ಆಮ್ಲಜನಕ ಸೇರಿದ ಗಾರ್ನೆಟ್ ರಚನೆಯ ವಸ್ತುವನ್ನು ಪ್ರಕಟಿಸಿದರು. ತಂಗದೊರೈ ಪಿಎಚ್‌.ಡಿ. ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಕೋಣೆಯ ಉಷ್ಣತೆಯಲ್ಲೇ ಅಯಾನುಗಳನ್ನು ಚೆನ್ನಾಗಿ ಸಾಗಿಸುವ, ಲೀಥಿಯಂ ಲೋಹದ ಎದುರು ತಾಳಿ ನಿಲ್ಲುವ ಘನವಸ್ತು ಅದು.

ಅಲ್ಲಿಂದಾಚೆ ಸಂಶೋಧಕರನ್ನು ಕಾಡಿದ್ದು ಎರಡು ಘನವಸ್ತುಗಳು ಕೂಡುವ ಜಾಗ. ಶಹಾಬಾದಿನ ಎರಡು ಫರಸಿ ಕಲ್ಲುಗಳನ್ನು ಒಂದರ ಮೇಲೊಂದಿಟ್ಟರೆ ಕೂಡಿದಂತೆ ಕಂಡರೂ ನಿಜವಾಗಿ ತಾಗುವುದು ಅಲ್ಲೊಂದು ಇಲ್ಲೊಂದು ಉಬ್ಬಿನಲ್ಲಿ ಮಾತ್ರ. ಲೀಥಿಯಂ ಮತ್ತು ಗಾರ್ನೆಟ್ ನಡುವೆಯೂ ಅದೇ ಪಾಡು. ಸಾಲದ್ದಕ್ಕೆ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನಿಂದ ಗಾರ್ನೆಟ್ ಮೇಲೆ ಲೀಥಿಯಂ ಕಾರ್ಬೊನೇಟಿನ ಪೊರೆ ಕಟ್ಟುತ್ತದೆ. ಕರಗಿದ ಲೀಥಿಯಂ ಅದರ ಮೇಲೆ ಹರಡದೆ ಗುಂಡಾಗಿ ನಿಲ್ಲುತ್ತದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಬಿಲ್ಲೆಗೆ ಅತಿ ತೆಳುವಾದ ಅಲ್ಯೂಮಿನಿಯಂ ಆಕ್ಸೈಡ್ ಲೇಪ ಕೊಟ್ಟಿತು. ಸಂಧಿಯ ರೋಧ 1,710 ಓಮ್–ಚದರ ಸೆಂಟಿಮೀಟರ್ ಇದ್ದದ್ದು 1ಕ್ಕೆ ಇಳಿಯಿತು.

ಇಷ್ಟಾದರೂ ಡೆಂಡ್ರೈಟ್ ನಿಲ್ಲಲಿಲ್ಲ. ಲೀಥಿಯಮ್ಮಿಗಿಂತ ಸುಮಾರು ಎರಡು ಪಟ್ಟು ಬಿಗಿಯಾದ ವಸ್ತು ಎದುರಿದ್ದರೆ ಸಾಕೆಂದು ಮನ್ರೋ ಮತ್ತು ನ್ಯೂಮನ್ ಎಂಬ ಸಂಶೋಧಕರು 2005ರಲ್ಲಿ ಲೆಕ್ಕ ಹಾಕಿದ್ದರು. ಗಾರ್ನೆಟ್ ಅದಕ್ಕಿಂತ ಎಷ್ಟೋ ಬಿಗಿ. ಬೆಣ್ಣೆಯ ಹಾಗೆ ಚಾಕುವಿನಿಂದ ಕೊಯ್ಯಬಹುದಾದ ಲೋಹವೊಂದು ಅಂಥ ಪಿಂಗಾಣಿಯನ್ನು ಸೀಳಿಕೊಂಡು ಹೋಗುವುದೆಂದರೆ!

ಡೆಂಡ್ರೈಟ್ ಬೆಳೆಯುವುದು ಚಾರ್ಜ್ ಮಾಡುವಾಗ. ಹಾಗಾಗಿ ದೋಷವನ್ನೂ ಚಾರ್ಜಿಂಗಿನಲ್ಲೇ ಹುಡುಕುವುದು ಸಹಜ. ಭಾರತೀಯ ವಿಜ್ಞಾನ ಸಂಸ್ಥೆಯ ನಾಗಫಣಿ ಏಟುಕೂರಿ, ಅವರ ವಿದ್ಯಾರ್ಥಿ ವಿಕಲ್ಪ್ ರಾಜ್ ಮತ್ತು ಸಂಗಡಿಗರು ನೂರಾರು ಸೆಲ್‌ಗಳನ್ನು ಪರೀಕ್ಷಿಸಿ ನೋಡಿದ್ದು ಅದರ ಹಿಂದಿನ ಗಳಿಗೆಯನ್ನು, ಅಂದರೆ ಬ್ಯಾಟರಿ ಖಾಲಿಯಾಗುವ ಹೊತ್ತನ್ನು. ಅವರ ಪ್ರಬಂಧ 2022ರಲ್ಲಿ ‘ನೇಚರ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಬಂತು. ಡಿಸ್ಚಾರ್ಜ್ ಆಗುವಾಗ ಆನೋಡಿನ ಅಂಚಿನ ಲೀಥಿಯಂ ಪರಮಾಣುಗಳು ಅಯಾನುಗಳಾಗಿ ಬಿಲ್ಲೆಯೊಳಗೆ ಹೊರಟುಹೋಗುತ್ತವೆ. ಬಿಟ್ಟುಹೋದ ಜಾಗವನ್ನು ಒಳಗಿನ ಪರಮಾಣುಗಳು ಸರಿದು ತುಂಬಬೇಕು. ಹೋಗುವ ವೇಗಕ್ಕೆ ತುಂಬುವ ವೇಗ ಸಾಟಿಯಾಗದಿದ್ದರೆ ಅಲ್ಲಲ್ಲಿ ಕಣ್ಣಿಗೆ ಕಾಣದ ಪೊಳ್ಳುಗಳು ಏಳುತ್ತವೆ. ಮುಂದಿನ ಸಲ ಚಾರ್ಜ್ ಮಾಡಿದಾಗ ಪೊಳ್ಳಿರುವಲ್ಲಿ ವಿದ್ಯುತ್ತಿಗೆ ದಾರಿಯಿಲ್ಲ; ಅದೆಲ್ಲ ಪೊಳ್ಳಿನ ಅಂಚಿಗೆ ಮುತ್ತುತ್ತದೆ. ಅಲ್ಲಿನ ಪ್ರವಾಹ ಸೆಲ್ಲಿನ ಸರಾಸರಿಗಿಂತ ಸುಮಾರು 10,000 ಪಟ್ಟು ಹೆಚ್ಚು. ಆ ಒತ್ತಡಕ್ಕೆ ಬಿಲ್ಲೆ ಬಿರುಕು ಬಿಟ್ಟು, ಲೀಥಿಯಂ ಒಳಹೊಗುತ್ತದೆ.

ಪೊಳ್ಳು ಏಳದಂತೆ ಲೀಥಿಯಮ್ಮನ್ನು ಬಲವಾಗಿ ಅದುಮಿ ಹಿಡಿಯಬಹುದು, ಆದರೆ ಅಷ್ಟು ಭಾರಿ ಒತ್ತಡದ ಏರ್ಪಾಟನ್ನು ಗಾಡಿಯೊಳಗೆ ಕೂರಿಸುವುದು ಕಷ್ಟ. ಲೀಥಿಯಂ ಜೊತೆ ಬೆರೆಯುವ ಅಲ್ಯೂಮಿನಿಯಮ್ಮಿನಂಥ ಲೋಹದ ಪದರವನ್ನು ಬಿಲ್ಲೆ ಮತ್ತು ಲೀಥಿಯಮ್ಮಿನ ನಡುವೆ ಇಡುವ ಸಲಹೆಯೂ ಇತ್ತು. ಆದರೆ ಆ ಪದರ ಕ್ರಮೇಣ ಲೀಥಿಯಮ್ಮಿನಲ್ಲಿ ಕರಗಿ ಗುರುತೇ ಇಲ್ಲದಂತಾಗುತ್ತದೆ. ಬೆಂಗಳೂರಿನವರು ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ: ಲೀಥಿಯಂ ಜೊತೆ ಬೆರೆಯಲೊಲ್ಲದ ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಮ್ಮಿನ ಅತಿ ತೆಳು ಪದರ. ಅದು ಕರಗದೆ ಇದ್ದಲ್ಲೇ ಇದ್ದು, ಬಿಲ್ಲೆಯ ಮೇಲಿನ ಒತ್ತಡವನ್ನು ತಡೆದು, ಪ್ರವಾಹವನ್ನು ಒಂದಿಷ್ಟು ಹಂಚಿಬಿಡುತ್ತದೆ. ಪೊಳ್ಳುಗಳ ಬೆಳವಣಿಗೆ ಇದರಿಂದ ತಡವಾಗುತ್ತದೆಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರ ಕಂಪ್ಯೂಟರ್ ಲೆಕ್ಕಾಚಾರವೂ ತೋರಿಸಿತು. ಹೊಂದಿಕೊಳ್ಳದ ಲೋಹವೇ ಹೆಚ್ಚು ಕೆಲಸಕ್ಕೆ ಬಂತೆನ್ನುವುದು ನನಗಂತೂ ಈ ಸಂಶೋಧನೆಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ಭಾಗ.

‘ತಡವಾಗುತ್ತದೆ’ ಎಂದರೆ ‘ಆಗುವುದೇ ಇಲ್ಲ’ ಎಂದಲ್ಲ. ಮೇಲಾಗಿ ಇದು ಆನೋಡಿನ ಕಡೆಯ ಕತೆ. ಎದುರಿನ ಕ್ಯಾಥೋಡಿನ ಕಣಗಳು ಪ್ರತಿ ಚಾರ್ಜಿಗೂ ಹಿಗ್ಗಿ ಕುಗ್ಗಿ ಬಿಲ್ಲೆಯಿಂದ ಬಿಟ್ಟುಕೊಳ್ಳುತ್ತವೆ. ದ್ರವವಾದರೆ ಆ ಸಂದನ್ನು ತಾನೇ ಹರಿದು ತುಂಬುತ್ತಿತ್ತು. ಪ್ರಯೋಗಾಲಯದ ಪುಟ್ಟ ಬಿಲ್ಲೆಯನ್ನು ಕೂದಲಿನಷ್ಟು ತೆಳುವಾಗಿ, ಅಂಗೈಯಗಲಕ್ಕೆ, ಒಡೆಯದಂತೆ, ತೇವ ಸೋಕದಂತೆ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಿಸುವ ಕೆಲಸವೂ ಬಾಕಿಯಿದೆ.