ಸಿಂಹಾಸನ ಬಿಟ್ಟವನು ದೊರೆ, ಶಾಪ ತಟ್ಟಿದ್ದು ವಾಲಿಸ್‌ಗೆ

1936ರ ಡಿಸೆಂಬರ್ 10ರಂದು ಬ್ರಿಟನ್ನಿನ ದೊರೆ, ಭಾರತಕ್ಕೂ ಚಕ್ರವರ್ತಿಯಾಗಿದ್ದ ಎಂಟನೇ ಎಡ್ವರ್ಡ್ ಪದತ್ಯಾಗದ ಪತ್ರಕ್ಕೆ ಸಹಿ ಹಾಕಿದರು. ಪಟ್ಟಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವರು ಮದುವೆಯಾಗಲು ಬಯಸಿದ್ದು ಅಮೆರಿಕದ ವಾಲಿಸ್ ಸಿಂಪ್ಸನ್ ಅವರನ್ನು. ಹಸುಗೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು, ಬಾಲ್ಟಿಮೋರ್‌ನಲ್ಲಿ ಬಂಧುಗಳ ಆಸರೆಯಲ್ಲಿ ಬೆಳೆದ ವಾಲಿಸ್ 1927ರಲ್ಲಿ ಮೊದಲ ಗಂಡನಿಂದ ವಿಚ್ಛೇದನ ಪಡೆದಿದ್ದರು. ಎರಡನೆಯ ವಿಚ್ಛೇದನದ ಮೊದಲ ತೀರ್ಪು ಬಂದು ಎರಡು ತಿಂಗಳೂ ಆಗಿರಲಿಲ್ಲ. ದೊರೆಯ ತಲೆ ಕೆಡಿಸಿ ಕಿರೀಟ ಬೀಳಿಸಿದ ಹೆಣ್ಣು ಎಂಬ ಹಣೆಪಟ್ಟಿ ಅಂದಿನಿಂದ ಆಕೆಗೆ ಅಂಟಿತು. ದಾಖಲೆಗಳು ಬೇರೆಯದನ್ನೇ ಹೇಳುತ್ತವೆ.

ದೊರೆಯೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥ. ಮಾಜಿ ಸಂಗಾತಿ ಬದುಕಿರುವಾಗ ವಿಚ್ಛೇದಿತರು ಮರುಮದುವೆಯಾಗುವುದನ್ನು ಆ ಚರ್ಚು ಆಗ ಒಪ್ಪುತ್ತಿರಲಿಲ್ಲ. ಹೆಂಡತಿಯಾಗಲಿ, ರಾಣಿಯಾಗುವುದು ಬೇಡ ಎಂಬ ನಡುದಾರಿಯನ್ನು ಪ್ರಧಾನಿ ಬಾಲ್ಡ್ವಿನ್ ಅವರ ಸಂಪುಟ ತಳ್ಳಿಹಾಕಿತು. ಉಳಿದಿದ್ದು ಎರಡೇ: ಪ್ರೀತಿ, ಇಲ್ಲವೇ ಪಟ್ಟ. ಛಾಯಾಗ್ರಾಹಕರ ಕಾಟ ತಾಳದೆ ಫ್ರಾನ್ಸಿನ ಕಾನ್ ಪಟ್ಟಣ ಸೇರಿದ್ದ ವಾಲಿಸ್, ಸರಿಯಾಗಿ ಕೇಳಿಸದ ಟೆಲಿಫೋನಿನಲ್ಲಿ ಕೂಗಿ ಕೂಗಿ, ಪಟ್ಟ ಬಿಡಬೇಡಿ ಎಂದು ದೊರೆಯನ್ನು ಬೇಡಿಕೊಂಡರು. ಡಿಸೆಂಬರ್ 7ರಂದು, ತಾನು ಹಿಂದೆ ಸರಿಯಲು ಸಿದ್ಧ ಎಂದು ಹೇಳಿಕೆಯನ್ನೂ ಕೊಟ್ಟರು. ಅದು ತೋರಿಕೆಯ ಮಾತು ಎನ್ನುವವರಿದ್ದಾರೆ. ತೋರಿಕೆಯೆಂದೇ ಇಟ್ಟುಕೊಳ್ಳೋಣ, ಮರ್ಯಾದೆಯಿಂದ ಸಂಬಂಧ ಕಡಿದುಕೊಳ್ಳಲು ದೊರೆಗೆ ಅಷ್ಟು ಸಾಕಿತ್ತು. ಎಡ್ವರ್ಡ್ ಆ ದಾರಿ ಹಿಡಿಯಲಿಲ್ಲ.

1937ರ ಅಕ್ಟೋಬರಿನಲ್ಲಿ ದಂಪತಿ ಜರ್ಮನಿಗೆ ಹೋಗಿ ಹಿಟ್ಲರನನ್ನು ಕಂಡದ್ದು ಇನ್ನೂ ಗಂಭೀರವಾದ ಆಕ್ಷೇಪ. ಆ ಭೇಟಿಗೆ ಯಾವ ಸಮರ್ಥನೆಯೂ ಇಲ್ಲ; ವಾಲಿಸ್ ಕೂಡ ಅದರ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಆ ಪ್ರವಾಸದ ಮುಖ್ಯ ಅತಿಥಿ ಎಡ್ವರ್ಡ್. ಮೇಲಾಗಿ ಅದು ನಡೆದದ್ದು ಪದತ್ಯಾಗದ ಮರುವರ್ಷ. ಆಮೇಲಿನ ತಪ್ಪನ್ನು ಮೊದಲಿನ ಆರೋಪಕ್ಕೆ ಸಾಕ್ಷಿ ಮಾಡುವುದು ನ್ಯಾಯವಲ್ಲ.

ಶಿಕ್ಷೆ ಹೇಗೆ ಹಂಚಿಕೆಯಾಯಿತು ನೋಡಿ. 1937ರ ಜೂನ್ 3ರ ಮದುವೆಗೆ ಒಂದು ವಾರ ಮೊದಲು ಹೊರಟ ರಾಜಾಜ್ಞೆ ಎಡ್ವರ್ಡ್‌ಗೆ ‘ರಾಯಲ್ ಹೈನೆಸ್’ ಗೌರವ ಉಳಿಸಿತು, ಹೆಂಡತಿಗೆ ನಿರಾಕರಿಸಿತು. ಗಂಡನ ಅಂತಸ್ತು ಹೆಂಡತಿಗೂ ಸಲ್ಲುವುದು ಅಲ್ಲಿನ ವಾಡಿಕೆ; ಅದನ್ನು ಮುರಿದದ್ದು ಈಕೆಗಾಗಿ. 1986ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಗೌರವ ದಕ್ಕಲಿಲ್ಲ. 2002ರಲ್ಲಿ ಚರ್ಚು ತನ್ನ ನಿಲುವನ್ನು ಸಡಿಲಿಸಿತು. 2005ರಲ್ಲಿ ವಿಚ್ಛೇದಿತೆ ಕ್ಯಾಮಿಲ್ಲಾ ಅವರನ್ನು ಮದುವೆಯಾದ ಚಾರ್ಲ್ಸ್ ಮುಂದೆ ದೊರೆಯಾದರು, ಆಕೆ ರಾಣಿಯಾದರು. ಬದಲಾಗಬಲ್ಲ ಕಟ್ಟಳೆಯೊಂದರ ಭಾರವನ್ನು ವಾಲಿಸ್ ಅರ್ಧ ಶತಮಾನ ಹೊತ್ತರು. 1936ರ ಡಿಸೆಂಬರ್ 11ರ ರಾತ್ರಿ ರೇಡಿಯೋದಲ್ಲಿ ಎಡ್ವರ್ಡ್, ಈ ತೀರ್ಮಾನ ತನ್ನೊಬ್ಬನದೇ, ಆಕೆ ಕೊನೆಯವರೆಗೂ ತನ್ನ ಮನಸ್ಸು ತಿರುಗಿಸಲು ನೋಡಿದಳು ಎಂದು ಒಪ್ಪಿಕೊಂಡಿದ್ದರು. ಲೋಕವೆಲ್ಲ ಕೇಳಿಸಿಕೊಂಡ ಆ ಮಾತನ್ನು ಇನ್ನಾದರೂ ನಂಬಬೇಕು.