ಅಸ್ಥಿಸಂಖ್ಯಾವಿಚಾರ

ಮನುಷ್ಯಶರೀರದಲ್ಲಿ ಎಲುಬುಗಳೆಷ್ಟು? ಚರಕಸಂಹಿತೆಯು ೩೬೦ ಎನ್ನುತ್ತದೆ. ಸುಶ್ರುತಸಂಹಿತೆಯು ವೇದವಾದಿಗಳ ೩೬೦ರ ಎಣಿಕೆಯನ್ನು ಹೇಳಿ, ಶಲ್ಯತಂತ್ರದಲ್ಲಾದರೋ ೩೦೦ ಮಾತ್ರವೆಂದು ನಿರ್ಣಯಿಸುತ್ತದೆ. ಈಗಿನ ಶರೀರಶಾಸ್ತ್ರದ ಗ್ರಂಥಗಳು ೨೦೬ ಎನ್ನುತ್ತವೆ. ಇವುಗಳಲ್ಲಿ ಯಾವುದು ಸುಳ್ಳೆಂದು ವಿದ್ಯಾರ್ಥಿಯು ಕೇಳಿದರೆ, ಪ್ರಾಚೀನರಿಗೆ ತಿಳಿಯದೆಂದು ತಳ್ಳಿಬಿಡುವವರುಂಟು. ಆಪ್ತವಾಕ್ಯವೆಂದು ಹೇಳಿ ಪ್ರಶ್ನೆಯನ್ನೇ ಮುಚ್ಚುವವರೂ ಉಂಟು. ನಾನೂ ಬಹುಕಾಲ ಎರಡನೆಯ ಪಂಕ್ತಿಯಲ್ಲಿದ್ದವನೇ. ಆದರೆ ಎಣಿಸುವುದಕ್ಕೆ ಮೊದಲು ಎಣಿಸತಕ್ಕ ವಸ್ತುವಿನ ಲಕ್ಷಣವನ್ನು ಕೇಳಬೇಕಷ್ಟೆ.

ಚರಕಸಂಹಿತೆಯ ಗಣನೆಯಲ್ಲಿ ೩೨ ಹಲ್ಲುಗಳೂ, ಅವು ನೆಟ್ಟಿರುವ ೩೨ ಗುಳಿಗಳೂ, ೨೦ ಉಗುರುಗಳೂ ಸೇರಿವೆ. ಇವೇ ೮೪ ಆದವು. ಪಕ್ಕೆಲುಬುಗಳು ೨೪ ಎಂಬುದು ಈಗಿನ ಎಣಿಕೆಗೆ ಸರಿಯಾಗಿದ್ದರೂ, ಅವುಗಳಿಗೆ ಸಂಬಂಧಿಸಿದ ಸ್ಥಾಲಕಗಳು ೨೪, ಅರ್ಬುದಗಳು ೨೪ ಎಂದು ಬೇರೆಯಾಗಿ ಎಣಿಸಿರುವುದರಿಂದ ಮೊತ್ತವು ೭೨ ಆಗುತ್ತದೆ. ಸುಶ್ರುತಸಂಹಿತೆಯು ಉಗುರುಗಳನ್ನು ಬಿಟ್ಟು, ಹಲ್ಲುಗಳನ್ನು ರುಚಕಗಳೆಂದೂ, ಕಿವಿ ಮೂಗುಗಳ ಮೆತ್ತನೆಯ ಭಾಗಗಳನ್ನು ತರುಣಗಳೆಂದೂ ಅಸ್ಥಿವರ್ಗದಲ್ಲಿಯೇ ಇರಿಸಿಕೊಳ್ಳುತ್ತದೆ. ಈಗಿನ ಶಾಸ್ತ್ರದಲ್ಲಿ ಉಗುರು ಚರ್ಮದ ವಿಕಾರ. ಮೃದ್ವಸ್ಥಿಯು ಬೇರೊಂದು ಧಾತು. ಹಲ್ಲು ಎಲುಬಲ್ಲ, ಮುರಿದರೆ ಎಲುಬಿನಂತೆ ಮತ್ತೆ ಕೂಡಿಕೊಳ್ಳದು.

೨೦೬ ಎಂಬುದೂ ಎಲ್ಲ ವಯಸ್ಸಿಗೂ ಹೊಂದುವ ಸಂಖ್ಯೆಯಲ್ಲ. ತಲೆ ಬೆನ್ನು ಎದೆಗಳಲ್ಲಿ ೮೦, ಕೈಕಾಲುಗಳಲ್ಲಿ ಅವುಗಳ ಬುಡದ ಎಲುಬುಗಳೂ ಸೇರಿ ೧೨೬ ಎಂಬ ಈ ಲೆಕ್ಕವು ಪ್ರಾಯಸ್ಥರದು. ಎಳೆಯರಲ್ಲಿ ಬೇರೆಬೇರೆಯಾಗಿರುವ ಮೂರು ತುಂಡುಗಳು ಕೂಡಿ ಒಂದು ಸೊಂಟದೆಲುಬಾಗುತ್ತದೆ. ಬೆನ್ನಿನ ಕೆಳಗಿನ ಐದು ಮಣಿಗಳು ಬೆಸೆದು ಒಂದೇ ತ್ರಿಕಾಸ್ಥಿಯಾಗುತ್ತದೆ. ಆದಕಾರಣ ನವಜಾತಶಿಶುವಿನಲ್ಲಿ ಸಂಖ್ಯೆಯು ಹೆಚ್ಚು.

ಹಾಗೆಂದು ಭೇದವೆಲ್ಲವೂ ಲಕ್ಷಣಭೇದವೇ ಎಂದು ಸಮಾಧಾನಪಡುವುದೂ ತಪ್ಪು. ಒಂದೊಂದು ಕಾಲ್ಬೆರಳಿಗೆ ಮೂರು ಮೂರರಂತೆ ಒಂದು ಪಾದಕ್ಕೆ ೧೫ ಎಂದು ಸುಶ್ರುತಸಂಹಿತೆಯು ಹೇಳುತ್ತದೆ. ಹೆಬ್ಬೆರಳಿನಲ್ಲಿರುವುದು ಎರಡೇ, ಆದುದರಿಂದ ೧೪ ಎಂಬುದು ಈಗಿನ ಎಣಿಕೆ. ಇಲ್ಲಿ ಸಮತೆಯ ಮೋಹವು ನೋಟವನ್ನು ಮೀರಿದಂತೆ ತೋರುತ್ತದೆ. ಇದನ್ನು ಹೇಳುವುದರಿಂದ ಗ್ರಂಥಕ್ಕೆ ಅಪಚಾರವಾಗದು. ಶವವನ್ನು ಹುಲ್ಲಿನಲ್ಲಿ ಸುತ್ತಿ, ಏಳು ರಾತ್ರಿ ನೀರಿನಲ್ಲಿಟ್ಟು, ಮೆಲ್ಲಮೆಲ್ಲನೆ ಉಜ್ಜಿ, ಒಳಗಿನ ಅಂಗಗಳನ್ನು ಕಣ್ಣಾರೆ ಕಾಣಬೇಕೆಂದು ವಿಧಿಸಿದುದೂ ಆ ಸಂಹಿತೆಯೇ. ಶಾಸ್ತ್ರವೂ ಪ್ರತ್ಯಕ್ಷವೂ ಕೂಡಿದರೆ ಮಾತ್ರ ಜ್ಞಾನವು ಬೆಳೆಯುವುದೆಂಬುದು ಅದರ ಮತ.

ಆದುದರಿಂದ ಪ್ರಾಚೀನಗ್ರಂಥಗಳನ್ನು ಕನ್ನಡಿಸುವವರೂ ಪಾಠಹೇಳುವವರೂ ‘ಅಸ್ಥಿ’ ಎಂದ ಕಡೆಯಲ್ಲೆಲ್ಲ ‘ಎಲುಬು’ ಎಂದು ಬರೆದು ಮುಂದೆ ಸಾಗಬಾರದು. ಆ ಗ್ರಂಥದಲ್ಲಿ ಶಬ್ದದ ವ್ಯಾಪ್ತಿಯೆಷ್ಟೆಂಬುದನ್ನು ಮೊದಲು ತಿಳಿಸಿ, ಲಕ್ಷಣಭೇದದಿಂದ ಬಂದ ಅಂತರವನ್ನೂ ನೋಟದ ತಪ್ಪಿನಿಂದ ಬಂದ ಅಂತರವನ್ನೂ ಬೇರ್ಪಡಿಸಿ ತೋರಿಸಬೇಕು. ಹಾಗೆ ಮಾಡಿದಲ್ಲಿ ವಿದ್ಯಾರ್ಥಿಯು ಪ್ರಾಚೀನರನ್ನು ಹಳಿಯಲೂ ಬೇಕಿಲ್ಲ, ತನ್ನ ಕಣ್ಣನ್ನು ಮುಚ್ಚಿಕೊಳ್ಳಲೂ ಬೇಕಿಲ್ಲ.